ಅಡಿಕೆ ಸಿಪ್ಪೆಯ ಇದ್ದಿಲು ನೀರನ್ನು ಶುದ್ಧ ಮಾಡುತ್ತದೆಯೇ?

ಅಡಿಕೆ ಕೊಯ್ಲು ಶುರುವಾದ ಮೇಲೆ ಶಿವಮೊಗ್ಗ, ಭದ್ರಾವತಿ ಸುತ್ತಮುತ್ತ ಸಂಜೆ ಹೊತ್ತು ಬೈಕಿನಲ್ಲಿ ಓಡಾಡಿದವರಿಗೆ ಆ ವಾಸನೆ ಗೊತ್ತಿರುತ್ತದೆ. ರಸ್ತೆ ಪಕ್ಕದಲ್ಲಿ ಸುರಿದ ಹಸಿ ಸಿಪ್ಪೆಯ ಗುಡ್ಡೆ, ಅದರ ಹೊಟ್ಟೆಯೊಳಗೆ ಯಾರೋ ಇಟ್ಟ ಬೆಂಕಿ. ಹಸಿಯಾದ್ದರಿಂದ ಅದು ಧಗಧಗ ಉರಿಯುವುದಿಲ್ಲ, ದಿನಗಟ್ಟಲೆ ಹೊಗೆಯಾಡುತ್ತದೆ. ಕಣ್ಣು ಉರಿಯುತ್ತದೆ, ಎದುರಿನ ವಾಹನ ಕಾಣುವುದಿಲ್ಲ, ಉಬ್ಬಸ ಇರುವವರಿಗಂತೂ ನರಕ.

ಈಗ ಅಡುಗೆಮನೆಗೆ ಬನ್ನಿ. ಗೋಡೆಗೆ ತೂಗುಹಾಕಿದ ವಾಟರ್ ಫಿಲ್ಟರ್ ಬಿಚ್ಚಿದರೆ ಒಳಗೊಂದು ಕಪ್ಪು ಕಾರ್ಟ್ರಿಡ್ಜ್ ಸಿಗುತ್ತದೆ. ಅದರಲ್ಲಿರುವುದು ಆಕ್ಟಿವೇಟೆಡ್ ಕಾರ್ಬನ್, ಅಂದರೆ ಸಕ್ರಿಯ ಇಂಗಾಲ. ಹೆಚ್ಚಾಗಿ ತೆಂಗಿನ ಚಿಪ್ಪಿನಿಂದ ಮಾಡಿದ್ದು. ತೆಂಗಿನ ಚಿಪ್ಪಿನಿಂದ ಆಗುವುದಾದರೆ ಅಡಿಕೆ ಸಿಪ್ಪೆಯಿಂದ ಏಕಾಗಬಾರದು? ಭತ್ತದ ಹೊಟ್ಟಿನಿಂದ, ಕಬ್ಬಿನ ಸಿಪ್ಪೆಯಿಂದ ಏಕಾಗಬಾರದು? ಆಗುತ್ತದೆ. ದೇಶದ ಹಲವು ಪ್ರಯೋಗಾಲಯಗಳು ಮಾಡಿ ತೋರಿಸಿವೆ. ಕೃಷಿ ತ್ಯಾಜ್ಯದಿಂದ ನೀರು ಶುದ್ಧೀಕರಣ ಎಂಬ ಸುದ್ದಿ ವರ್ಷಕ್ಕೆರಡು ಬಾರಿಯಾದರೂ ಪತ್ರಿಕೆಗಳಲ್ಲಿ ಬರುತ್ತದೆ. ಆದರೂ ರಸ್ತೆ ಬದಿಯ ಗುಡ್ಡೆ ಹೊಗೆಯಾಡುತ್ತಲೇ ಇದೆ. ಜೊತೆಗೆ, ಇದ್ದಿಲು ಹಾಕಿದರೆ ನೀರು ಶುದ್ಧ ಎಂಬ ಅರ್ಧ ಸತ್ಯ ಮನೆಮನೆಗಳಲ್ಲಿ ಉಳಿದುಕೊಂಡಿದೆ. ಆ ಅರ್ಧ ಸತ್ಯ ಕೆಲವೊಮ್ಮೆ ಅಪಾಯಕಾರಿ ಕೂಡ.

ಬೆಂಕಿಪುರದ ಇದ್ದಿಲು

ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ಹೆಸರಿಗೆ ತಕ್ಕಂತೆ ಈ ಊರು ಇದ್ದಿಲನ್ನು ದೊಡ್ಡ ಪ್ರಮಾಣದಲ್ಲಿ ಮಾಡಿದ ಊರು. 1923ರಲ್ಲಿ ಇಲ್ಲಿ ಕೆಲಸ ಶುರುಮಾಡಿದ ಮೈಸೂರು ಕಬ್ಬಿಣದ ಕಾರ್ಖಾನೆಗೆ ಕೆಮ್ಮಣ್ಣುಗುಂಡಿಯ ಅದಿರು ಬರುತ್ತಿತ್ತು, ಆದರೆ ಅದನ್ನು ಕರಗಿಸಲು ಮೈಸೂರು ಸಂಸ್ಥಾನದಲ್ಲಿ ಕಲ್ಲಿದ್ದಲು ಇರಲಿಲ್ಲ. ಇದ್ದದ್ದು ಮಲೆನಾಡಿನ ಕಾಡು. ಹಾಗಾಗಿ ಸೌದೆಯನ್ನೇ ಇದ್ದಿಲು ಮಾಡಿ ಊದುಕುಲುಮೆಗೆ ಹಾಕಿದರು. ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನೊಂದಿಗೆ ಬೆಸೆದುಕೊಂಡ ಆ ಕಾರ್ಖಾನೆ ಮುಂದೆ ಜೋಗದ ವಿದ್ಯುತ್ ಬಂದ ಮೇಲೆ ವಿದ್ಯುತ್ ಕುಲುಮೆಗಳತ್ತ ಹೊರಳಿತು.

ಆ ಕಾರ್ಖಾನೆಯ ಒಂದು ವಿಭಾಗ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದು. ಅದು ಮರವನ್ನು ಬಟ್ಟಿ ಇಳಿಸುವ ಘಟಕ. ಸೌದೆಯನ್ನು ಗಾಳಿಯಾಡದ ಕಬ್ಬಿಣದ ಕೋಣೆಗಳಲ್ಲಿ ಮುಚ್ಚಿ ಕಾಯಿಸುತ್ತಿದ್ದರು. ಗಾಳಿ ಇಲ್ಲದ್ದರಿಂದ ಮರ ಉರಿದು ಬೂದಿಯಾಗುವುದಿಲ್ಲ, ಇದ್ದಿಲಾಗುತ್ತದೆ. ಆಗ ಹೊರಬರುವ ಹೊಗೆಯನ್ನು ಆಕಾಶಕ್ಕೆ ಬಿಡದೆ ತಂಪುಮಾಡಿ ಇಳಿಸಿದರೆ ಡಾಂಬರಿನಂಥ ಟಾರು, ಮರದ ಮದ್ಯಸಾರ ಎನ್ನುವ ಮೆಥನಾಲ್ ಮತ್ತು ವಿನೆಗರ್‌ನಲ್ಲಿರುವ ಅಸಿಟಿಕ್ ಆಮ್ಲ ಸಿಗುತ್ತವೆ. ಆ ಆಮ್ಲವನ್ನು ಸುಣ್ಣದೊಂದಿಗೆ ಸೇರಿಸಿ ಕ್ಯಾಲ್ಸಿಯಂ ಅಸಿಟೇಟ್ ಆಗಿ ಮಾರುತ್ತಿದ್ದರು. ಅಂದರೆ ರಸ್ತೆ ಬದಿಯ ಸಿಪ್ಪೆ ಗುಡ್ಡೆ ಇಂದು ನಮ್ಮ ಕಣ್ಣಿಗೆ ತುಂಬುತ್ತಿರುವ ಅದೇ ಹೊಗೆಯನ್ನು ನೂರು ವರ್ಷದ ಹಿಂದೆ ಇದೇ ತಾಲ್ಲೂಕಿನಲ್ಲಿ ಪೀಪಾಯಿಗೆ ತುಂಬಿ ಮಾರುತ್ತಿದ್ದರು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ.

ಭದ್ರಾವತಿಯ ಇದ್ದಿಲಿನಿಂದ ಕಬ್ಬಿಣ ಕರಗಿತು. ಅದೇ ಇದ್ದಿಲಿನಿಂದ ಕೊಳಕು ನೀರನ್ನು ಸೋಸಬಹುದಿತ್ತೇ? ಸ್ವಲ್ಪ ಮಟ್ಟಿಗೆ ಮಾತ್ರ. ಏಕೆಂದರೆ ಕುಲುಮೆಗೆ ಬೇಕಾದ ಇದ್ದಿಲು ಗಟ್ಟಿಯಾಗಿರಬೇಕು ಮತ್ತು ಚೆನ್ನಾಗಿ ಉರಿಯಬೇಕು. ನೀರಿಗೆ ಬೇಕಾದ ಇದ್ದಿಲು ತೂತುತೂತಾಗಿರಬೇಕು.

ಒಂದು ಗ್ರಾಮಿನಲ್ಲಿ 10 ಗುಂಟೆ

ಸ್ಪಂಜು ನೀರನ್ನು ಹೀರಿದಂತೆ ಇದ್ದಿಲು ಕೊಳೆಯನ್ನು ಹೀರಿಕೊಳ್ಳುತ್ತದೆ ಎಂದು ನಾವು ಮಾತಿಗೆ ಹೇಳುತ್ತೇವೆ. ನಿಜವಾಗಿ ನಡೆಯುವುದು ಬೇರೆ. ನೀರಿನಲ್ಲಿ ಕರಗಿದ ಬಣ್ಣ, ವಾಸನೆ, ಕೀಟನಾಶಕದ ಕಣಗಳು ಇಂಗಾಲದ ಮೇಲ್ಮೈಗೆ ಅಂಟಿಕೊಳ್ಳುತ್ತವೆ, ಜಿಡ್ಡು ಪಾತ್ರೆಗೆ ಅಂಟುವ ಹಾಗೆ. ಪುಸ್ತಕಗಳು ಇದನ್ನು ಅಧಿಶೋಷಣೆ ಎನ್ನುತ್ತವೆ. ಅಂಟುವುದಕ್ಕೆ ಜಾಗ ಬೇಕು. ಹಾಗಾಗಿ ಇಡೀ ಆಟ ಇರುವುದು ಮೇಲ್ಮೈ ಎಷ್ಟಿದೆ ಎಂಬುದರಲ್ಲಿ.

ಒಳ್ಳೆಯ ಸಕ್ರಿಯ ಇಂಗಾಲದ ಒಂದೇ ಗ್ರಾಮಿನೊಳಗೆ ಸುಮಾರು 1,000 ಚದರ ಮೀಟರ್ ಮೇಲ್ಮೈ ಇರುತ್ತದೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಹೆಚ್ಚುಕಡಿಮೆ 10 ಗುಂಟೆ. ಒಂಬತ್ತು ಅಡಿ ಅಂತರದಲ್ಲಿ ನೆಟ್ಟರೆ 130ಕ್ಕೂ ಹೆಚ್ಚು ಅಡಿಕೆ ಮರ ಹಿಡಿಸುವ ಜಾಗ! ಅಷ್ಟು ಜಾಗ ಒಂದು ಚಿಟಿಕೆ ಪುಡಿಯೊಳಗೆ ಹೇಗೆ ಮಡಚಿಕೊಂಡಿತು ಅಂದರೆ ಸೂಕ್ಷ್ಮ ರಂಧ್ರಗಳಿಂದ. ಅತಿ ಸಣ್ಣ ರಂಧ್ರಗಳ ಅಗಲ 2 ನ್ಯಾನೊಮೀಟರಿಗಿಂತ ಕಡಿಮೆ, ತಲೆಗೂದಲಿನ ದಪ್ಪದ ಸುಮಾರು 40,000ದಲ್ಲಿ ಒಂದು ಪಾಲು. 2ರಿಂದ 50 ನ್ಯಾನೊಮೀಟರಿನವು ಮಧ್ಯಮ ರಂಧ್ರಗಳು, ಅದಕ್ಕೂ ದೊಡ್ಡವು ಹೆದ್ದಾರಿಗಳಿದ್ದಂತೆ: ಅಲ್ಲಿ ಅಂಟುವುದು ಕಡಿಮೆ, ಆದರೆ ಒಳಗಿನ ಓಣಿಗಳಿಗೆ ಹೋಗಲು ದಾರಿ ಅವೇ.

ಬಚ್ಚಲ ಒಲೆಯಿಂದ ತೆಗೆದ ಇದ್ದಿಲಿನಲ್ಲೂ ರಂಧ್ರಗಳಿವೆ. ಆದರೆ ಬಹುಪಾಲು ಮುಚ್ಚಿಹೋಗಿರುತ್ತವೆ, ಮರದಿಂದಲೇ ಬಂದ ಟಾರು ಆ ಓಣಿಗಳಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಸಕ್ರಿಯಗೊಳಿಸುವುದು ಅಂದರೆ ಈ ಕಟ್ಟಿಕೊಂಡ ಓಣಿಗಳನ್ನು ಬಿಡಿಸಿ, ಹೊಸ ಓಣಿಗಳನ್ನು ಕೊರೆಯುವುದು.

ಅದಕ್ಕೆ ಎರಡು ದಾರಿಗಳಿವೆ. ಮೊದಲನೆಯದು ಉಗಿ. ಇದ್ದಿಲನ್ನು 800ರಿಂದ 1,000 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ ಅದರ ಮೇಲೆ ಉಗಿ ಹಾಯಿಸುತ್ತಾರೆ. ಅಷ್ಟು ಬಿಸಿಯಲ್ಲಿ ನೀರಿನ ಉಗಿ ಇಂಗಾಲವನ್ನೇ ತಿನ್ನುತ್ತದೆ: ಇಂಗಾಲದ ಒಂದು ಪಾಲು ಕಾರ್ಬನ್ ಮಾನಾಕ್ಸೈಡ್ ಆಗಿ ಹಾರಿಹೋಗುತ್ತದೆ, ಜೊತೆಗೆ ಹೈಡ್ರೋಜನ್ ಹೊರಬರುತ್ತದೆ. ಗೆದ್ದಲು ಮರ ತಿಂದಂತೆ ಒಳಗೊಳಗೇ ಸುರಂಗ ಬೀಳುತ್ತದೆ. ಹೊರಬರುವ ಅನಿಲಗಳು ಉರಿಯುವಂಥವು, ಅವುಗಳನ್ನೇ ಕುಲುಮೆಗೆ ಇಂಧನವಾಗಿ ಬಳಸಬಹುದು. ಹೆಚ್ಚು ಹೊತ್ತು ಬಿಟ್ಟರೆ ಸುರಂಗಗಳು ಒಂದಕ್ಕೊಂದು ಸೇರಿ ಗೋಡೆಯೇ ಉಳಿಯುವುದಿಲ್ಲ. ಕಡಿಮೆ ಬಿಟ್ಟರೆ ಕೆಲಸ ಅರ್ಧ. ಇದು ಬೆಲ್ಲದ ಪಾಕ ತೆಗೆಯುವಂಥ ಕೆಲಸ. ವ್ಯತ್ಯಾಸ ಏನೆಂದರೆ ಇಲ್ಲಿ ಬೆರಳಿನಲ್ಲಿ ಎಳೆ ನೋಡುವ ಹಾಗಿಲ್ಲ.

ಎರಡನೆಯದು ರಾಸಾಯನಿಕದ ದಾರಿ. ಒಣಗಿದ ಸಿಪ್ಪೆಯನ್ನು ಫಾಸ್ಫಾರಿಕ್ ಆಮ್ಲದಲ್ಲೋ ಸತುವಿನ ಕ್ಲೋರೈಡ್‌ನಲ್ಲೋ ನೆನೆಸಿ, 400ರಿಂದ 600 ಡಿಗ್ರಿಯಷ್ಟು ಕಾಯಿಸುವುದು, ನಂತರ ರಾಸಾಯನಿಕವನ್ನು ತೊಳೆದು ತೆಗೆಯುವುದು. ಬಿಸಿ ಕಡಿಮೆ ಸಾಕು, ಉಳಿಯುವ ಇಂಗಾಲ ಹೆಚ್ಚು, ರಂಧ್ರಗಳೂ ಚೆನ್ನಾಗಿ ಬೀಳುತ್ತವೆ. ಕಾಲೇಜಿನ ಪ್ರಯೋಗಾಲಯದಲ್ಲಿ ಒಂದು ಮಫಲ್ ಕುಲುಮೆ ಇದ್ದರೆ ಮಾಡಬಹುದು. ಆದ್ದರಿಂದಲೇ ಕೃಷಿ ತ್ಯಾಜ್ಯದ ಬಗೆಗಿನ ಬಹಳಷ್ಟು ಸಂಶೋಧನಾ ಪ್ರಬಂಧಗಳು ಈ ದಾರಿ ಹಿಡಿಯುತ್ತವೆ.

ಆದರೆ ಆ ಪ್ರಬಂಧಗಳಲ್ಲಿ ಒಂದೇ ಸಾಲಿನಲ್ಲಿ ಮುಗಿದುಹೋಗುವ ಮಾತೊಂದಿದೆ: ಆಮ್ಲದ ಅಂಶ ಹೋಗುವವರೆಗೂ ನೀರಿನಲ್ಲಿ ತೊಳೆಯಲಾಯಿತು ಎಂಬುದು. ಒಂದು ಕಿಲೋ ಸಿಪ್ಪೆಗೆ ಒಂದೆರಡು ಕಿಲೋ ಆಮ್ಲ ಬಳಸಿದ್ದರೆ ಆ ತೊಳೆದ ನೀರು ಎಲ್ಲಿ ಹೋಯಿತು? ಬೀಕರಿನಲ್ಲಾದರೆ ಸಿಂಕಿಗೆ ಚೆಲ್ಲಬಹುದು. ಟನ್‌ಗಟ್ಟಲೆ ಮಾಡಿದಾಗ ಆಮ್ಲವನ್ನು ಮರಳಿ ಪಡೆಯುವ ವ್ಯವಸ್ಥೆ ಇಲ್ಲದಿದ್ದರೆ ಅದು ಹಳ್ಳಕ್ಕೆ ಹೋಗುತ್ತದೆ. ಫಾಸ್ಫೇಟ್ ಸೇರಿದ ನೀರಿನಲ್ಲಿ ಪಾಚಿ ಬೆಳೆದು ಮೀನು ಸಾಯುತ್ತವೆ, ಸತು ಸೇರಿದರೆ ಇನ್ನೂ ಕಷ್ಟ. ನೀರು ಶುದ್ಧ ಮಾಡುವ ಪುಡಿ ತಯಾರಿಸಲು ನೀರನ್ನೇ ಕೆಡಿಸಿದಂತೆ!

ಅಂದಹಾಗೆ, ಹಣ್ಣಿನ ಓಟೆ, ತೆಂಗಿನ ಚಿಪ್ಪುಗಳಿಗೆ ಈ ಗುಣ ಇದೆ ಎಂದು ಜಗತ್ತು ದೊಡ್ಡದಾಗಿ ಗಮನಿಸಿದ್ದು ಮೊದಲನೆಯ ಮಹಾಯುದ್ಧದಲ್ಲಿ. ವಿಷಾನಿಲದಿಂದ ಸೈನಿಕರನ್ನು ಕಾಪಾಡುವ ಮುಖಗವಸುಗಳಿಗೆ ಸಕ್ರಿಯ ಇಂಗಾಲ ಬೇಕಿತ್ತು. 1918ರಲ್ಲಿ ಅಮೆರಿಕದಲ್ಲಿ ಪೀಚ್ ಹಣ್ಣಿನ ಓಟೆಗಳನ್ನು ಎಸೆಯದೆ ಕೂಡಿಡಿ ಎಂದು ಸಾರಿದರು, ಮಕ್ಕಳು ಬೀದಿ ಬೀದಿ ಸುತ್ತಿ ಸಂಗ್ರಹಿಸಿದರು.

95 ಶೇಕಡಾ ಎಂಬ ಅಂಕಿ

ಈಗ ಸುದ್ದಿಗೆ ಬರೋಣ. ಸಿಪ್ಪೆಯಿಂದ ತಯಾರಿಸಿದ ಇಂಗಾಲ ನೀರಿನ ಬಣ್ಣವನ್ನು ಶೇ. 95ರಷ್ಟು ತೆಗೆಯಿತು ಎಂದು ಓದುತ್ತೇವೆ. ಸುಳ್ಳಲ್ಲ. ಆದರೆ ಪ್ರಯೋಗ ಹೇಗೆ ನಡೆದಿರುತ್ತದೆ ನೋಡಿ. ಬಟ್ಟಿ ಇಳಿಸಿದ ಶುದ್ಧ ನೀರಿಗೆ ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಬೆರೆಸುತ್ತಾರೆ, ಉದಾಹರಣೆಗೆ ಲೀಟರಿಗೆ 50 ಮಿಲಿಗ್ರಾಂ. ಅದಕ್ಕೆ ಲೀಟರಿಗೆ 2 ಗ್ರಾಂನಂತೆ ಇಂಗಾಲದ ಪುಡಿ ಹಾಕಿ ಒಂದೆರಡು ಗಂಟೆ ಅಲುಗಾಡಿಸುತ್ತಾರೆ. ಬಣ್ಣ ಮಾಯ.

ಇದೇ ಅಳತೆಯಲ್ಲಿ 10 ಲಕ್ಷ ಲೀಟರ್ ನೀರಿಗೆ ಎಷ್ಟು ಪುಡಿ ಬೇಕು? 2 ಟನ್. ಒಣ ಸಿಪ್ಪೆಯ ತೂಕದಲ್ಲಿ ಕೊನೆಗೆ ಶೇ. 15ರಷ್ಟು ಸಕ್ರಿಯ ಇಂಗಾಲ ಉಳಿಯುತ್ತದೆ ಎಂದುಕೊಂಡರೂ 13 ಟನ್ ಒಣ ಸಿಪ್ಪೆ ಬೇಕು. ಅದೂ ಒಂದೇ ಸಲಕ್ಕೆ. ಇಡೀ ನಗರ ದಿನವೂ ಬಿಡುವ ಕೊಳಚೆಯ ಮುಂದೆ 10 ಲಕ್ಷ ಲೀಟರ್ ಏನೇನೂ ಅಲ್ಲ. ನಿಜವಾದ ಸ್ಥಾವರಗಳಲ್ಲಿ ಪುಡಿಯ ಬದಲು ಹರಳುಗಳನ್ನು ಎತ್ತರದ ಕೊಳವೆಗಳಲ್ಲಿ ತುಂಬಿ ನೀರು ಹಾಯಿಸುತ್ತಾರೆ, ಕೊಳೆಯ ಸಾಂದ್ರತೆಯೂ ಕಡಿಮೆ ಇರುತ್ತದೆ, ಹಾಗಾಗಿ ಇಷ್ಟು ಬೇಕಾಗುವುದಿಲ್ಲ. ಆದರೂ ಶೇಕಡಾವಾರು ಅಂಕಿಯಿಂದ ಏನೂ ತಿಳಿಯುವುದಿಲ್ಲ ಎಂಬುದು ಸ್ಪಷ್ಟ. ಪುಡಿ ಹೆಚ್ಚು ಸುರಿದರೆ ಯಾವ ಇದ್ದಿಲಾದರೂ ಶೇ. 95 ಮುಟ್ಟುತ್ತದೆ. ಕೇಳಬೇಕಾದ್ದು ಒಂದು ಗ್ರಾಂ ಇಂಗಾಲ ಎಷ್ಟು ಮಿಲಿಗ್ರಾಂ ಹಿಡಿದಿಟ್ಟುಕೊಂಡಿತು ಎಂದು. ಮೇಲಿನ ಉದಾಹರಣೆಯಲ್ಲಿ ಆ ಉತ್ತರ 24 ಮಿಲಿಗ್ರಾಂ ಕೂಡ ಮುಟ್ಟುವುದಿಲ್ಲ.

ಇನ್ನೊಂದು ತೊಡಕು. ಹೊಳೆಯ ನೀರಿನಲ್ಲಿ ಒಂದೇ ಬಗೆಯ ಕೊಳೆ ಇರುವುದಿಲ್ಲ. ಇಂಗಾಲದ ರಂಧ್ರಗಳನ್ನು ಶಿವಮೊಗ್ಗ–ಭದ್ರಾವತಿ ಬಸ್ಸಿನ ಸೀಟು ಎಂದುಕೊಳ್ಳಿ. ಪ್ರಯೋಗಾಲಯದಲ್ಲಿ ಬಸ್ಸು ಖಾಲಿ, ಒಬ್ಬನೇ ಪ್ರಯಾಣಿಕ. ಮಳೆಗಾಲದ ತುಂಗೆ ಅಥವಾ ಭದ್ರೆಯಲ್ಲಿ ಕಾಡಿನ ಕೊಳೆತ ಎಲೆಗಳಿಂದ ಬಂದ ಕಂದು ಬಣ್ಣದ ವಸ್ತುಗಳೇ ಮೊದಲು ಹತ್ತಿ ಸೀಟು ಹಿಡಿದುಬಿಡುತ್ತವೆ. ಲೀಟರಿನಲ್ಲಿ ಮಿಲಿಗ್ರಾಮಿನ ಸಾವಿರದಲ್ಲೊಂದು ಪಾಲು ಇರುವ ಕೀಟನಾಶಕಕ್ಕೆ ನಿಲ್ಲಲೂ ಜಾಗ ಸಿಗುವುದಿಲ್ಲ. ಅಡಿಕೆ ಬೇಯಿಸಿದ ಚೊಗರು ಸೇರಿದ ಹಳ್ಳದ ನೀರಂತೂ ಟ್ಯಾನಿನ್‌ಗಳಿಂದ ತುಂಬಿರುತ್ತದೆ. ಅವು ದೊಡ್ಡ ಗಾತ್ರದವು, ಅತಿ ಸಣ್ಣ ರಂಧ್ರಗಳೊಳಗೆ ನುಗ್ಗಲಾರವು, ಬಾಗಿಲಲ್ಲೇ ಅಡ್ಡ ನಿಂತುಬಿಡುತ್ತವೆ. ಹೀಗಾಗಿ ಯಾವ ಕೊಳೆಗೆ ಯಾವ ಅಳತೆಯ ರಂಧ್ರ ಎಂದು ನೋಡಿಯೇ ಇಂಗಾಲವನ್ನು ಆರಿಸಬೇಕು. ಕಾಗದದ ಕಾರ್ಖಾನೆಗಳಿಂದ ಬರುವ ಕಂದು ನೀರಿಗೆ ಮಧ್ಯಮ ರಂಧ್ರಗಳ ಇಂಗಾಲ ಬೇಕು. ಕುಡಿಯುವ ನೀರಿನ ವಾಸನೆಗೆ, ಗಾಳಿಯಲ್ಲಿನ ಆವಿಗೆ ಸಣ್ಣ ರಂಧ್ರಗಳ ತೆಂಗಿನ ಚಿಪ್ಪು ಒಳ್ಳೆಯದು.

ಗಂಗಾ ಸ್ನಾನ, ತುಂಗಾ ಪಾನ ಎನ್ನುತ್ತೇವೆ. ಆ ತುಂಗೆಗಾಗಿ 2024ರ ನವೆಂಬರಿನಲ್ಲಿ ಶೃಂಗೇರಿಯಿಂದ ಪಾದಯಾತ್ರೆ ಹೊರಡಬೇಕಾಯಿತು. ಹೊಳೆಗೆ ಬೀಳುವ ಕೊಳಚೆಗೆ ಸಿಪ್ಪೆಯ ಇಂಗಾಲ ಪರಿಹಾರವಾಗಬಹುದೇ ಎಂದು ಓದುಗರು ಕೇಳುವುದುಂಟು. ಆಗುವುದಿಲ್ಲ. ಒಳಚರಂಡಿ ನೀರಿನಲ್ಲಿರುವ ಮಲ, ಸಾಬೂನು, ರೋಗಾಣುಗಳನ್ನು ಮೊದಲು ಸೂಕ್ಷ್ಮಜೀವಿಗಳ ತೊಟ್ಟಿಗಳಲ್ಲಿ ಕರಗಿಸಬೇಕು, ಕೆಸರು ಇಳಿಸಬೇಕು. ಇಂಗಾಲ ಬರುವುದು ಕಟ್ಟಕಡೆಗೆ, ಉಳಿದ ಬಣ್ಣ, ವಾಸನೆ, ಔಷಧದ ಚೂರುಪಾರು ತೆಗೆಯಲು. ನೇರವಾಗಿ ಕೊಳಚೆಗೆ ಇಂಗಾಲ ಹಾಕಿದರೆ ಗಂಟೆಗಳಲ್ಲಿ ಕಟ್ಟಿಕೊಳ್ಳುತ್ತದೆ.

ಮನೆಯ ಮಡಕೆಯಲ್ಲಿ

ನಮ್ಮ ಅಜ್ಜಿ ಮಳೆಗಾಲದಲ್ಲಿ ಮಡಕೆ ಮೇಲೆ ಮಡಕೆ ಇಟ್ಟು, ಒಂದರಲ್ಲಿ ಮರಳು, ಒಂದರಲ್ಲಿ ಇದ್ದಿಲು ತುಂಬಿ ನೀರು ಸೋಸುತ್ತಿದ್ದರು. ಆ ಕ್ರಮ ತಪ್ಪೇನಲ್ಲ. ಮರಳಿನಿಂದ ಕೆಸರು ಹೋಗುತ್ತದೆ, ಇದ್ದಿಲಿನಿಂದ ಒಂದಿಷ್ಟು ವಾಸನೆ, ಬಣ್ಣ ಹೋಗುತ್ತದೆ. ಅಜ್ಜಿ ಅದರ ನಂತರ ನೀರನ್ನು ಕುದಿಸುತ್ತಿದ್ದರು ಎಂಬುದು ಮಾತ್ರ ಈ ಕಥೆ ಹೇಳುವಾಗ ಬಹಳ ಜನಕ್ಕೆ ಮರೆತುಹೋಗುತ್ತದೆ.

ಬ್ಯಾಕ್ಟೀರಿಯಾ ಸುಮಾರು 1,000 ನ್ಯಾನೊಮೀಟರ್ ಉದ್ದದ ಜೀವಿ. 2 ನ್ಯಾನೊಮೀಟರಿನ ರಂಧ್ರದೊಳಗೆ ಅದು ಹೋಗಿ ಸಿಕ್ಕಿಕೊಳ್ಳುವುದು ಸಾಧ್ಯವೇ ಇಲ್ಲ. ಬದಲಿಗೆ ಇಂಗಾಲದ ಹೊರಮೈಯಲ್ಲಿ ಕೂತು, ಅಲ್ಲಿ ಅಂಟಿದ ಸಾವಯವ ವಸ್ತುಗಳನ್ನೇ ತಿಂದು ಬೆಳೆಯುತ್ತದೆ. ನಗರದ ನಲ್ಲಿ ನೀರಿನಲ್ಲಿ ಇನ್ನೊಂದು ವಿಚಿತ್ರವಿದೆ. ಮನೆಗೆ ಬರುವ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಎಂದು ಭಾರತೀಯ ಮಾನಕ ಹೇಳುತ್ತದೆ, ದಾರಿಯಲ್ಲಿ ಸೇರುವ ರೋಗಾಣುಗಳಿಗೆ ಅದೇ ಕಾವಲು. ಸಕ್ರಿಯ ಇಂಗಾಲ ತುಂಬ ಚೆನ್ನಾಗಿ ಮಾಡುವ ಕೆಲಸವೆಂದರೆ ಈ ಕ್ಲೋರಿನ್ ತೆಗೆಯುವುದು. ಬ್ಲೀಚಿಂಗ್ ಪೌಡರ್ ವಾಸನೆ ಹೋಯಿತು ಎಂದು ನಾವು ಖುಷಿಪಡುತ್ತೇವೆ, ಕಾವಲುಗಾರನನ್ನೂ ಕಳಿಸಿಬಿಟ್ಟಿರುತ್ತೇವೆ. ಆದ್ದರಿಂದ ಬರೀ ಕಾರ್ಬನ್ ಫಿಲ್ಟರಿನ ನೀರನ್ನು ದಿನಗಟ್ಟಲೆ ಇಟ್ಟು ಕುಡಿಯಬೇಡಿ. ಕುದಿಸುವುದೋ ಯುವಿ ದೀಪವೋ ಬೇಕೇ ಬೇಕು. ರಜೆಗೆ ಹೋಗಿ ಬಂದ ದಿನ ಫಿಲ್ಟರಿನ ಮೊದಲ ಎರಡು ಮೂರು ಲೀಟರ್ ನೀರನ್ನು ಗಿಡಕ್ಕೆ ಹಾಕಿ.

ಕರಗಿದ ಉಪ್ಪು, ಗಡಸು ನೀರಿನ ಕ್ಯಾಲ್ಸಿಯಂ, ನೈಟ್ರೇಟ್, ಫ್ಲೋರೈಡ್ ಇವ್ಯಾವುವೂ ಸಾಮಾನ್ಯ ಸಕ್ರಿಯ ಇಂಗಾಲಕ್ಕೆ ಬಗ್ಗುವುದಿಲ್ಲ. ಇಂಗಾಲ ಎಣ್ಣೆಯ ಗುಣದ್ದು, ನೀರನ್ನು ಅಷ್ಟಾಗಿ ಇಷ್ಟಪಡದ ವಸ್ತುಗಳನ್ನೇ ಎಳೆದುಕೊಳ್ಳುತ್ತದೆ. ಉಪ್ಪುಗಳು ನೀರನ್ನು ಬಿಟ್ಟು ಬರಲು ಒಪ್ಪುವುದಿಲ್ಲ. ಬೋರ್‌ವೆಲ್ ನೀರಿನಲ್ಲಿ ಪಾತ್ರೆಗೆ ಬಿಳಿ ಪದರ ಕಟ್ಟುತ್ತಿದ್ದರೆ ಕಾರ್ಬನ್ ಕ್ಯಾಂಡಲ್ ಬದಲಿಸಿ ಪ್ರಯೋಜನವಿಲ್ಲ. ಫ್ಲೋರೈಡ್ ತೆಗೆಯಲು ಬಳಸುವ ಆಕ್ಟಿವೇಟೆಡ್ ಅಲ್ಯುಮಿನಾ ಎಂಬುದು ಬೇರೆಯೇ ವಸ್ತು, ಹೆಸರಿನ ಮೊದಲ ಅರ್ಧ ಒಂದೇ ಆದ್ದರಿಂದ ಗೊಂದಲವಾಗುತ್ತದೆ.

ಇದಕ್ಕಿಂತ ಗಂಭೀರವಾದದ್ದು ವಿಷದ ವಿಷಯ. ಆಸ್ಪತ್ರೆಯಲ್ಲಿ ಕೆಲವು ಬಗೆಯ ವಿಷ ಸೇವಿಸಿದವರಿಗೆ ಸಕ್ರಿಯ ಇಂಗಾಲ ಕುಡಿಸುವುದು ನಿಜ. ದೊಡ್ಡವರಿಗೆ ಸಾಮಾನ್ಯವಾಗಿ 50 ಗ್ರಾಂ, ಅಂದರೆ ಮೇಲ್ಮೈ ಲೆಕ್ಕದಲ್ಲಿ ಹನ್ನೆರಡೂವರೆ ಎಕರೆ! ಇದನ್ನು ಕೇಳಿ ಒಲೆಯ ಇದ್ದಿಲು ಅರೆದು ಕುಡಿಸುವವರಿದ್ದಾರೆ. ದಯವಿಟ್ಟು ಬೇಡ. ಒಲೆಯ ಇದ್ದಿಲಿಗೆ ಆ ಶಕ್ತಿ ಇಲ್ಲ. ಆಮ್ಲ, ಸೀಮೆಎಣ್ಣೆ, ಮದ್ಯಸಾರದಂಥವಕ್ಕೆ ಆಸ್ಪತ್ರೆಯ ಇಂಗಾಲವೂ ಕೆಲಸಕ್ಕೆ ಬಾರದು. ಪ್ರಜ್ಞೆ ಮಸುಕಾದವರಿಗೆ ಕುಡಿಸಿದರೆ ಪುಡಿ ಶ್ವಾಸಕೋಶಕ್ಕೆ ಇಳಿದು ಅದೇ ಜೀವ ತೆಗೆಯಬಹುದು. ವಿಷ ಒಳಗೆ ಹೋದ ಮೇಲೆ ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಕೊಟ್ಟರೆ ಹೆಚ್ಚು ಉಪಯೋಗ. ಆ ಒಂದು ಗಂಟೆಯನ್ನು ಒರಳಿನ ಮುಂದೆ ಕಳೆಯದೆ, ಕುಡಿದ ಔಷಧದ ಡಬ್ಬಿಯನ್ನೂ ಹಿಡಿದುಕೊಂಡು ಆಸ್ಪತ್ರೆಗೆ ಓಡಿ.

ಹಾಗಾದರೆ ಸಿಪ್ಪೆ ಗುಡ್ಡೆಯ ಕಥೆ?

ಮಂಗಳೂರು ಕಡೆಯ ಚಾಲಿ ಅಡಿಕೆಗೂ ನಮ್ಮ ಕಡೆಯ ಕೆಂಪಡಿಕೆಗೂ ಇರುವ ವ್ಯತ್ಯಾಸ ಇಲ್ಲಿ ಮುಖ್ಯ. ಕರಾವಳಿಯಲ್ಲಿ ಹಣ್ಣಡಿಕೆಯನ್ನು ತಿಂಗಳುಗಟ್ಟಲೆ ಒಣಗಿಸಿ ಆಮೇಲೆ ಸುಲಿಯುತ್ತಾರೆ, ಸಿಪ್ಪೆ ಒಣಗಿಯೇ ಸಿಗುತ್ತದೆ. ಶಿವಮೊಗ್ಗ ಸೀಮೆಯಲ್ಲಿ ಕಾಯಿ ಹಸಿರಿರುವಾಗಲೇ ಸುಲಿದು ಬೇಯಿಸುತ್ತಾರೆ. ಹಾಗಾಗಿ ಸಿಪ್ಪೆಯ ತೂಕದಲ್ಲಿ ಬಹುಪಾಲು ನೀರು. ಮನೆಯಲ್ಲಿ ಸುಲಿಯುತ್ತಿದ್ದ ಕಾಲದಲ್ಲಿ ಅದು ತೋಟದ ಬುಡಕ್ಕೋ, ಒಣಗಿದ ಮೇಲೆ ಬಚ್ಚಲ ಒಲೆಗೋ ಹೋಗುತ್ತಿತ್ತು. ಈಗ ಯಂತ್ರ ಬಂದು, ಖೇಣಿ ಹಿಡಿದವರು ಹತ್ತಾರು ತೋಟದ ಅಡಿಕೆಯನ್ನು ಒಂದೇ ಕಡೆ ಸುಲಿಸುತ್ತಾರೆ. ಗುಡ್ಡೆ ಅಲ್ಲಿ ಬೀಳುತ್ತದೆ, ತೋಟ ಇನ್ನೆಲ್ಲೋ ಇರುತ್ತದೆ. ವಾಪಸ್ ಸಾಗಿಸುವ ಬಾಡಿಗೆಗಿಂತ ಬೆಂಕಿಪೊಟ್ಟಣ ಅಗ್ಗ.

ಒಣಗಿಸಿದರೂ ಸಿಪ್ಪೆ ಹತ್ತಿಯಂತೆ ಹಗುರ. ಲಾರಿ ತುಂಬಿದರೆ ಅದರಲ್ಲಿ ಹೆಚ್ಚಿರುವುದು ಗಾಳಿಯೇ. ತೆಂಗಿನ ಚಿಪ್ಪು ಗಟ್ಟಿ, ಬೂದಿ ಅತಿ ಕಡಿಮೆ, ಸುಟ್ಟು ಒಡೆದರೆ ಗಟ್ಟಿ ಹರಳುಗಳಾಗುತ್ತವೆ, ನೀರಿನ ರಭಸಕ್ಕೆ ಸವೆಯುವುದಿಲ್ಲ. ಅಡಿಕೆ ಸಿಪ್ಪೆಯ ನಾರು ಇದ್ದಿಲಾದ ಮೇಲೆ ಬೆರಳಲ್ಲಿ ಒತ್ತಿದರೆ ಪುಡಿ. ಅದನ್ನು ಫಿಲ್ಟರಿಗೆ ಹಾಕಬೇಕಾದರೆ ಅಂಟು ಬೆರೆಸಿ ಗುಳಿಗೆ ಮಾಡಬೇಕು, ಅಂಟು ರಂಧ್ರಗಳನ್ನು ಮುಚ್ಚದಂತೆ ನೋಡಿಕೊಳ್ಳಬೇಕು. ಭತ್ತದ ಹೊಟ್ಟಿನ ಸಮಸ್ಯೆ ಇನ್ನೊಂದು: ಅದರ ಐದರಲ್ಲಿ ಒಂದು ಪಾಲು ಬೂದಿ, ಆ ಬೂದಿಯಲ್ಲಿ ಹೆಚ್ಚಿನದು ಸಿಲಿಕಾ, ಅಂದರೆ ಮರಳಿನ ವಸ್ತು. ಅದನ್ನು ಕ್ಷಾರದಲ್ಲಿ ಕರಗಿಸಿ ತೆಗೆಯದಿದ್ದರೆ ಒಳ್ಳೆಯ ಇಂಗಾಲ ಸಿಗದು. ಸಿಪ್ಪೆ, ಹೊಟ್ಟು, ಚಿಪ್ಪು ಎಲ್ಲವೂ ತ್ಯಾಜ್ಯವೇ, ಆದರೆ ಒಂದೊಂದಕ್ಕೂ ಬೇರೆ ಪಾಕ.

ಇಷ್ಟಾದರೂ ದಾರಿ ಮುಚ್ಚಿಲ್ಲ ಎನ್ನುವುದು ನನ್ನ ಅಭಿಪ್ರಾಯ. ಕುಡಿಯುವ ನೀರಿನ ಹರಳು ಮಾಡುವ ಆಸೆ ಬಿಟ್ಟು, ಕಾರ್ಖಾನೆಗಳ ತ್ಯಾಜ್ಯ ನೀರಿಗೆ ಒಮ್ಮೆ ಹಾಕಿ ಸೋಸುವ ಪುಡಿ ಇಂಗಾಲಕ್ಕೆ ಸಿಪ್ಪೆಯನ್ನು ಬಳಸುವುದು ಹೆಚ್ಚು ವಾಸ್ತವ. ಆದರೆ ಅದು ಹೊಲದಲ್ಲಿ ಗುಂಡಿ ತೋಡಿ ಮಾಡುವ ಕೆಲಸವಲ್ಲ. ಗುಂಡಿಯಲ್ಲಿ ಸುಟ್ಟರೆ ಟಾರು, ಮೆಥನಾಲ್, ಆಮ್ಲದ ಹೊಗೆ ಎಲ್ಲವೂ ಮತ್ತೆ ಊರ ಗಾಳಿಗೇ ಬರುತ್ತವೆ, ರಸ್ತೆ ಬದಿಯ ಗುಡ್ಡೆಗೂ ಅದಕ್ಕೂ ಏನು ಭೇದ? ಭದ್ರಾವತಿಯ ಹಳೆಯ ಬಟ್ಟಿ ಘಟಕದ ಹಾಗೆ ಮುಚ್ಚಿದ ಕೋಣೆ, ಹೊಗೆ ಹಿಡಿಯುವ ಕೊಳವೆ, ಆ ಹೊಗೆಯನ್ನೇ ಉರಿಸಿ ಹಸಿ ಸಿಪ್ಪೆ ಒಣಗಿಸುವ ಏರ್ಪಾಡು ಇರಬೇಕು. ಸಿಪ್ಪೆ ಸಿಗುವುದು ವರ್ಷದ ಕೆಲವು ತಿಂಗಳು ಮಾತ್ರ, ಕುಲುಮೆಗೆ ವರ್ಷವಿಡೀ ಕೆಲಸ ಬೇಕು. ಉಳಿದ ತಿಂಗಳುಗಳಿಗೆ ಏನು ಹಾಕುತ್ತೀರಿ ಎಂಬ ಪ್ರಶ್ನೆಗೆ ಉತ್ತರವಿಲ್ಲದ ಯೋಜನೆಗೆ ಬ್ಯಾಂಕು ಸಾಲ ಕೊಡುವುದಿಲ್ಲ, ಕೊಡಲೂಬಾರದು.

ಅಲ್ಲಿಯವರೆಗೆ ಗುಡ್ಡೆಗೆ ಬೆಂಕಿ ಇಡದೆ ಸಗಣಿ, ಹಸಿರೆಲೆಯೊಂದಿಗೆ ಪದರ ಪದರವಾಗಿ ಹಾಕಿ ಕೊಳೆಸುವುದು ಎಲ್ಲರಿಗೂ ಆಗುವ ಕೆಲಸ. ನಾರಿನಲ್ಲಿ ಲಿಗ್ನಿನ್ ಹೆಚ್ಚಿರುವುದರಿಂದ ತಡವಾಗುತ್ತದೆ, ಕೊಚ್ಚಿ ಹಾಕಿದರೆ ಬೇಗ. ಅಡಿಕೆ ತೋಟದ ತ್ಯಾಜ್ಯದಿಂದ ಎರೆಗೊಬ್ಬರ ಮಾಡುವ ವಿಧಾನವನ್ನು ವಿಟ್ಲದ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಕೇಂದ್ರ ಬಹಳ ಹಿಂದೆಯೇ ರೂಪಿಸಿದೆ.

ಕೊನೆಯದಾಗಿ ಆ ಕಪ್ಪು ಕಾರ್ಟ್ರಿಡ್ಜ್. ಸೀಟು ತುಂಬಿದ ಇಂಗಾಲ ಸುಮ್ಮನೆ ನಿಲ್ಲುವುದಿಲ್ಲ. ಗಟ್ಟಿಯಾಗಿ ಅಂಟುವ ಹೊಸ ವಸ್ತು ಬಂದರೆ ಹಳೆಯದನ್ನು ತಳ್ಳಿ ನೀರಿಗೆ ಮರಳಿಸುತ್ತದೆ. ಹಾಗಾಗಿ ಅವಧಿ ಮುಗಿದದ್ದನ್ನು ನೀರು ಚೆನ್ನಾಗಿಯೇ ಬರುತ್ತಿದೆಯಲ್ಲ ಎಂದು ಮುಂದುವರಿಸಬೇಡಿ. ದೊಡ್ಡ ಸ್ಥಾವರಗಳು ಹರಳುಗಳನ್ನು ಮತ್ತೆ 800 ಡಿಗ್ರಿ ಆಸುಪಾಸಿನಲ್ಲಿ ಕಾಯಿಸಿ, ಅಂಟಿದ್ದನ್ನು ಸುಟ್ಟು ಮರುಬಳಸುತ್ತವೆ. ಮನೆಯ ಕಾರ್ಟ್ರಿಡ್ಜಿಗೆ ಆ ಭಾಗ್ಯವಿಲ್ಲ. ಅದನ್ನು ಒಣ ಕಸದ ಗಾಡಿಗೆ ಕೊಡಿ, ಸಿಪ್ಪೆ ಗುಡ್ಡೆಯ ಮೇಲೆ ಎಸೆಯಬೇಡಿ. ಅಲ್ಲಿ ಬೆಂಕಿ ಬಿದ್ದರೆ ಪ್ಲಾಸ್ಟಿಕ್ ಕವಚದ ಜೊತೆಗೆ ಅದು ವರ್ಷವಿಡೀ ನಿಮ್ಮ ನೀರಿನಿಂದ ಹಿಡಿದಿಟ್ಟದ್ದೂ ಹೊಗೆಯಾಗಿ ವಾಪಸ್ ಬರುತ್ತದೆ.